ಕಾಟ್ಪಾಡಿಯಲ್ಲಿ ಇಳಿಯುವವರು

ರಾತ್ರಿ ಒಂಬತ್ತು ದಾಟಿದರೂ ಸೋಮನೂರು ಮಲಗುವ ಊರಲ್ಲ. ಬೀದಿಯ ಎರಡೂ ಬದಿ ಶೆಡ್ಡು, ಶೆಡ್ಡಿನೊಳಗೆ ಓಡುತ್ತಿರುವ ಪವರ್‌ಲೂಮು. ಪಕ್ಕದವರೊಂದಿಗೆ ಮಾತಾಡಬೇಕೆಂದರೆ ಕಿವಿಗೆ ಬಾಯಿ ಹಚ್ಚಬೇಕು. ಬಾಗಿಲಲ್ಲಿ ನಿಂತು ಇಣುಕುತ್ತೀರಿ. ಟ್ಯೂಬ್‌ಲೈಟಿನ ಬೆಳಕಿನಲ್ಲಿ ಹತ್ತಿಯ ಧೂಳು ತೇಲುತ್ತಿದೆ. ಮೋಟಾರಿನ ಮೇಲೆ, ನೇಯುವವನ ಹುಬ್ಬಿನ ಮೇಲೆ, ಗೋಡೆಯ ಚೌಡೇಶ್ವರಿ ಪಟದ ಚೌಕಟ್ಟಿನ ಮೇಲೆ ಅದೇ ಬಿಳಿ ಪದರ. ನೇಯುತ್ತಿರುವ ಬಟ್ಟೆ ಇವರದಲ್ಲ. ವ್ಯಾಪಾರಿ ಪಾವು, ಅಂದರೆ ಹಾಸು, ಕೊಡುತ್ತಾನೆ, ನೂಲು ಕೊಡುತ್ತಾನೆ, ಮೀಟರಿಗೆ ಇಷ್ಟೆಂದು ಕೂಲಿ ಕೊಡುತ್ತಾನೆ. ಕೂಲಿ ಏರಿಸಿ ಎಂದು ಮಗ್ಗ ನಿಲ್ಲಿಸುವುದು ಈ ಸೀಮೆಗೆ ಹೊಸದಲ್ಲ. 2025ರ ಮಾರ್ಚ್–ಏಪ್ರಿಲ್‌ನಲ್ಲೂ ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳ ಮಗ್ಗಗಳು ವಾರಗಟ್ಟಲೆ ನಿಂತವು. ನೀವು ನಿಂತಿರುವುದು ಅದಕ್ಕಿಂತ ಕೆಲವು ವರ್ಷ ಹಿಂದಿನ ಒಂದು ರಾತ್ರಿಯಲ್ಲಿ.

ನಿಮ್ಮನ್ನು ಕರೆದುಕೊಂಡು ಹೋಗುತ್ತಿರುವುದು ಶೆಡ್ಡಿನ ಹಿಂದಿನ ಮನೆಗೆ. ಆ ಮನೆ, ಅದರೊಳಗಿನ ಜನ ನಾನು ಕಟ್ಟಿಕೊಂಡದ್ದು. ಅಲ್ಲಿಂದ ಹೊರಡುವ ದಾರಿ, ತಲುಪುವ ಆಸ್ಪತ್ರೆ, ಅಲ್ಲಿಗೆ ಬಂದ ಪ್ರಯೋಗ, ಅದರ ಹಿಂದಿನ ಚರಿತ್ರೆ ನಿಜದವು. ದೇವಾಂಗರ ಮನೆ. ಹೊಸ್ತಿಲೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಮಾತು ಕನ್ನಡದಲ್ಲಿ, ಓದು ಬರಹ ತಮಿಳಿನಲ್ಲಿ.

ಒಳಕೋಣೆಯಲ್ಲಿ ಒಂದು ಮಂಚ, ಮಂಚದ ಮೇಲೆ ಅಗಲವಾದ ದಿಂಬು, ದಿಂಬಿನ ಮೇಲೆ ಏಳು ತಿಂಗಳ ಹೆಣ್ಣು ಕೂಸು. ನಿಮ್ಮನ್ನು ನೋಡಿ ನಗುತ್ತದೆ. ಕಣ್ಣಿನ ಬಿಳಿ ಭಾಗ ಬಿಳಿಯಲ್ಲ, ತೆಳು ನೀಲಿ. ನೋಡಲು ಬಂದವರೆಲ್ಲ ಎಷ್ಟು ಚೆಂದದ ಕಣ್ಣು ಎಂದೇ ಹೊಗಳಿ ಹೋದರು. ಎತ್ತಿಕೊಳ್ಳಲು ನೀವು ಕೈ ಚಾಚುತ್ತೀರಿ. ಎಲ್ಲರೂ ಮಾಡುವಂತೆ, ಕಂಕುಳಿಗೆ ಕೈ ಕೊಟ್ಟು. ಅಜ್ಜಿ ನಿಮ್ಮ ಮಣಿಕಟ್ಟು ಹಿಡಿದು ನಿಲ್ಲಿಸುತ್ತಾಳೆ.

"ಹಂಗಲ್ಲ. ನೋಡಿ ಇಲ್ಲಿ."

ಒಂದು ಅಂಗೈ ಕುಂಡೆಯ ಕೆಳಗೆ, ಬೆರಳು ಅಗಲಿಸಿ. ಇನ್ನೊಂದು ಅಂಗೈ ತಲೆ, ಹೆಗಲು ಎರಡಕ್ಕೂ ಆನಿಕೆಯಾಗುವಂತೆ. ಭಾರವೆಲ್ಲ ಎರಡು ಅಂಗೈಯ ಮೇಲೆ ಹರಡಿದ ಮೇಲೆ ಎತ್ತುವುದು. ಅದಕ್ಕೂ ಮೊದಲು ಮಗುವಿನ ಕೈಕಾಲು ಬಟ್ಟೆಗೆ ಸಿಕ್ಕಿಕೊಂಡಿಲ್ಲ ಅಂತ ನೋಡಿಕೊಳ್ಳುವುದು. ಬಟ್ಟೆ ಬದಲಿಸುವಾಗ ಹಿಮ್ಮಡಿ ಹಿಡಿದು ಕಾಲೆತ್ತುವಂತಿಲ್ಲ. ಸೀರೆ ಕಟ್ಟಿದ ಜೋಲಿಯಲ್ಲಿ ಮಲಗಿಸುವಂತಿಲ್ಲ, ಅದು ಎರಡೂ ಕಡೆಯಿಂದ ಒತ್ತುತ್ತದೆ. ಈ ಮನೆಯ ಜಂತಿಗೆ ಜೋಲಿಯ ಹಗ್ಗ ಇನ್ನೂ ನೇತಾಡುತ್ತಿದೆ, ಬರಿ ಹಗ್ಗ.

ಇದನ್ನು ಅಜ್ಜಿ ಕಲಿತದ್ದು ಒಂದು ಎಣ್ಣೆ ಸ್ನಾನದ ನಂತರ. ಬಾಣಂತಿ ಮನೆಯಲ್ಲಿ ಹೇಗೆ ಮಾಡುತ್ತಾರೋ ಹಾಗೇ ಕಾಲು ನೀಡಿ ಕೂತು, ಮೊಣಕಾಲ ಕೆಳಗೆ ಕೂಸನ್ನು ಮಲಗಿಸಿಕೊಂಡು, ಎಣ್ಣೆ ಹಚ್ಚಿ, ಬಲಗೈ ಎಡಗಾಲು ಒಟ್ಟಿಗೆ ತಂದು ಎಳೆದಳು. ಮೂರು ಮಕ್ಕಳನ್ನೂ ಹೀಗೇ ಮೀಯಿಸಿದವಳು. ತೊಡೆಯಲ್ಲಿ ಟಕ್ ಅಂದದ್ದು ಅವಳ ಕೈಗೇ ತಿಳಿಯಿತು. ಕೊಯಮತ್ತೂರಿನಲ್ಲಿ ಎಕ್ಸ್‌ರೇ ತೆಗೆದಾಗ ಮುರಿದದ್ದು ಅದೊಂದೇ ಅಲ್ಲ ಎಂದಾಯಿತು. ಪಕ್ಕೆಲುಬುಗಳಲ್ಲಿ ಹುಟ್ಟುವ ಮೊದಲೇ ಮುರಿದು ಕೂಡಿಕೊಂಡ ಗಂಟುಗಳಿದ್ದವು. ಐದನೇ ತಿಂಗಳ ಸ್ಕ್ಯಾನಿನಲ್ಲಿ "ತೊಡೆ ಮೂಳೆ ವಾರಕ್ಕೆ ತಕ್ಕಷ್ಟಿಲ್ಲ" ಎಂದು ಬರೆದಿದ್ದರ ಅರ್ಥ ಆಗ ಹೊಳೆಯಿತು. ಅಜ್ಜಿಗೆ ಯಾರೂ ಏನೂ ಅನ್ನಲಿಲ್ಲ. ಅನ್ನದಿದ್ದುದೇ ಅವಳಿಗೆ ಕಷ್ಟವಾಗಿದೆ.

ರೋಗದ ಹೆಸರು ಆಸ್ಟಿಯೋಜೆನೆಸಿಸ್ ಇಂಪರ್‌ಫೆಕ್ಟಾ. ಹತ್ತರಿಂದ ಇಪ್ಪತ್ತು ಸಾವಿರ ಹೆರಿಗೆಗೆ ಒಂದು ಮಗುವಿಗೆ ಬರುತ್ತದೆ. ಮೂಳೆಯಲ್ಲಿ ಸುಣ್ಣ ಕಡಿಮೆಯಾಗಿ ಬರುವ ಕಾಯಿಲೆ ಅಂತ ನೆಂಟರು ತಿಳಿದಿದ್ದಾರೆ. ಹಾಲು, ರಾಗಿ, ಮೊಟ್ಟೆ ಕೊಡಿ ಎನ್ನುತ್ತಾರೆ. ದೋಷ ಇರುವುದು ಸುಣ್ಣದಲ್ಲಲ್ಲ, ಸುಣ್ಣ ಕಟ್ಟಿಕೊಳ್ಳುವ ಎಳೆಯಲ್ಲಿ. ಕೊಲಾಜನ್ ಎಂಬ ಪ್ರೋಟೀನು ಮೂರು ಎಳೆ ಹುರಿ ಹಾಕಿದ ನೂಲಿನಂತೆ ಇರುತ್ತದೆ. ಎಳೆಯ ಪ್ರತಿ ಮೂರನೇ ಜಾಗದಲ್ಲಿ ಗ್ಲೈಸೀನ್ ಎಂಬ ಅತಿ ಚಿಕ್ಕ ಅಮೈನೋ ಆಮ್ಲವೇ ಕೂರಬೇಕು. ಅಲ್ಲಿ ಅದಕ್ಕಿಂತ ದಪ್ಪದ್ದು ಕೂತರೆ ಹುರಿ ಬಿಗಿಯಾಗುವುದಿಲ್ಲ. ಈ ಮನೆಯವರಿಗೆ ಇಷ್ಟು ಹೇಳಿದರೆ ಸಾಕು, ಉಳಿದದ್ದು ಅವರೇ ಊಹಿಸುತ್ತಾರೆ. ಹುರಿ ಸಡಿಲವಾದ ನೂಲನ್ನು ಮಗ್ಗಕ್ಕೆ ಹಾಕಿದರೆ ಏನಾಗುತ್ತದೆ ಎಂಬುದು ಅವರ ದಿನದ ಜಗಳ.

ಕೂಸಿನ ಅಪ್ಪ ಅಜ್ಜಿಯ ಕೊನೆಯ ತಮ್ಮ. ಅಕ್ಕನ ಮಗಳನ್ನೇ ತಂದುಕೊಂಡವನು. ಹಾಗಾಗಿ ಈ ಮನೆಯಲ್ಲಿ ಅತ್ತೆ ಅಳಿಯ ಎಂಬ ಮಾತಿಲ್ಲ. ಅವಳು "ತಮ್ಮಾ" ಎನ್ನುತ್ತಾಳೆ, ಅವನು "ಅಕ್ಕಾ" ಎನ್ನುತ್ತಾನೆ, ಹೆಂಡತಿ ಅವನನ್ನು ಚಿಕ್ಕಂದಿನಿಂದ ಕರೆದಂತೆ "ಮಾಮಾ" ಎಂದೇ ಕರೆಯುತ್ತಾಳೆ. ಬಟ್ಟೆ ಚೀಲ ಕಟ್ಟುತ್ತಿರುವ ಅವನ ಫೋನು ಎರಡು ಸಲ ಹೊಡೆದುಕೊಂಡು ನಿಲ್ಲುತ್ತದೆ. ದೊಡ್ಡ ಊರಿನ ಒಂದು ಕ್ಲಿನಿಕ್ಕಿನವರು. ಯೂಟ್ಯೂಬಿನಲ್ಲಿ ವಿಡಿಯೊ ನೋಡಿ ನಂಬರ್ ಕೊಟ್ಟಿದ್ದ, ಆಗಿನಿಂದ ಬಿಡುತ್ತಿಲ್ಲ. ಸ್ಟೆಮ್ ಸೆಲ್ ಹಾಕಿದರೆ ಮೂಳೆ ಗಟ್ಟಿಯಾಗುತ್ತದೆ, ಮೂರು ಸಿಟ್ಟಿಂಗ್, ಲಕ್ಷಗಳ ಲೆಕ್ಕ. ನಾಲ್ಕು ಮಗ್ಗ ಮಾರಿದರೆ ಹೊಂದುತ್ತದೆ. ಮಾರಿದರೆ ಉಳಿಯುವುದು ಎರಡು. ಈ ಲೆಕ್ಕವನ್ನು ಅವನು ಬಾಯಿಬಿಟ್ಟು ಹೇಳಿಲ್ಲ, ಅಕ್ಕನಿಗೆ ಗೊತ್ತು.

ಚೌಡೇಶ್ವರಿ ಪಟದ ಹಿಂದೆ ಸಿಗಿಸಿಟ್ಟ ಕಾಗದಗಳನ್ನು ಅಜ್ಜಿ ತೆಗೆದು ಚೀಲಕ್ಕೆ ಹಾಕುತ್ತಾಳೆ. ಹಿಂದಿನ ಸಲ ವೆಲ್ಲೂರಿನ ಆಸ್ಪತ್ರೆಗೆ ಹೋದಾಗ ಕೂಸಿನ ರಕ್ತ ತೆಗೆದುಕೊಂಡಿದ್ದರು, ಓದಿಕೊಂಡು ಬನ್ನಿ ಎಂದು ಈ ತಮಿಳು ಹಾಳೆಗಳನ್ನು ಕೊಟ್ಟಿದ್ದರು. ಮನೆಯವರೆಲ್ಲ ಓದಿದ್ದಾರೆ. ಶೆಡ್ಡಿನಲ್ಲಿ ಕೆಲಸಕ್ಕೆ ಬರುವ ಹುಡುಗನೂ ಓದಿದ್ದಾನೆ.

ಸೋಮನೂರಿನಿಂದ ತಿರುಪ್ಪೂರಿಗೆ ಬಾಡಿಗೆ ಕಾರು. ತಿರುಪ್ಪೂರಿನಲ್ಲಿ ಚೇರನ್ ಎಕ್ಸ್‌ಪ್ರೆಸ್. ಕೂಸು ದಿಂಬಿನ ಸಮೇತ ಕೆಳಗಿನ ಬರ್ತಿನ ಮೇಲೆ. ಅಜ್ಜಿ ಅಂಚಿನಲ್ಲಿ ಅಡ್ಡಲಾಗಿ ಕೂತಿದ್ದಾಳೆ, ನಿದ್ದೆ ಮಾಡುವ ಯೋಚನೆ ಇಲ್ಲ. ಈರೋಡು, ಸೇಲಂ, ಜೋಲಾರ್‌ಪೇಟೆ. ಬೋಗಿ ಕುಲುಕಿದಾಗಲೆಲ್ಲ ಅವಳ ಅಂಗೈ ದಿಂಬಿನ ಕೆಳಗೆ ಹೋಗಿ ಬರುತ್ತದೆ.

ನೀವು ಮೇಲಿನ ಬರ್ತಿನಲ್ಲಿ ಫೋನಿನ ಬೆಳಕಿಗೆ ಆ ಹಾಳೆಗಳನ್ನು ಬಿಡಿಸುತ್ತೀರಿ. ಇವರು ಕೇಳಲು ಹೋಗುತ್ತಿರುವುದು ಒಂದು ಪ್ರಯೋಗದ ಬಗ್ಗೆ: ಸ್ಟಾಕ್‌ಹೋಮಿನ ಕರೋಲಿನ್‌ಸ್ಕಾ ಸಂಸ್ಥೆ ಮತ್ತು ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು ಸೇರಿ, ಮೂಳೆ ಮುರಿಯುವ ಈ ಕಾಯಿಲೆಯ ಪುಟ್ಟ ಮಕ್ಕಳಿಗಾಗಿ ಹಾಕಿಕೊಂಡ ಪ್ರಯೋಗ. ಹೆಸರು ಬೂಸ್ಟ್ ಟು ಬ್ರಿಟಲ್ ಬೋನ್ಸ್. ವೆಲ್ಲೂರಿನ ಕಡೆಯಿಂದ ಇದರ ಹೊಣೆ ಹೊತ್ತವರು ಮಕ್ಕಳ ಮೂಳೆ ತಜ್ಞೆ ಡಾ. ವೃಷಾ ಮಾಧುರಿ. ಮಗುವಿನ ರಕ್ತನಾಳಕ್ಕೆ ಹನಿಸುವುದು ಭ್ರೂಣದ ಯಕೃತ್ತಿನಿಂದ ಬೆಳೆಸಿದ ಮೀಸೆಂಕೈಮಲ್ ಸ್ಟೆಮ್ ಸೆಲ್‌ಗಳನ್ನು, ಮೂಳೆಯಾಗಿಯೂ ಬೆಳೆಯಬಲ್ಲ ಕೋಶಗಳನ್ನು. ಇವು ಪ್ರಯೋಗಶಾಲೆಯ ತಟ್ಟೆಯಲ್ಲಿ ಐದು ದಿನ ಬೆಳೆದ ಮೊಳಕೆಯಿಂದ ತೆಗೆದವಲ್ಲ. ಒಬ್ಬ ಹೆಂಗಸು ಗರ್ಭ ತೆಗೆಸಿಕೊಂಡ ಮೇಲೆ ಉಳಿದ, ಮೂರು ತಿಂಗಳು ತುಂಬುವುದರೊಳಗಿನ ಭ್ರೂಣದಿಂದ ಬಂದವು. ಹಾಳೆಯಲ್ಲಿ ಇದನ್ನು ಮುಚ್ಚಿಟ್ಟಿಲ್ಲ. ಆ ಸಾಲಿನ ಕೆಳಗೆ ಅಜ್ಜಿ ಕುಂಕುಮದ ಬೆರಳೊತ್ತಿದ ಗುರುತಿದೆ. ಬೇಕೆಂದು ಒತ್ತಿದ್ದೋ, ಪಟದ ಹಿಂದೆ ಇಟ್ಟಾಗ ತಾಗಿದ್ದೋ.

ಯಕೃತ್ತೇ ಯಾಕೆ ಎಂದರೆ, ಆ ವಾರಗಳಲ್ಲಿ ಭ್ರೂಣದ ರಕ್ತ ತಯಾರಾಗುವುದೇ ಅಲ್ಲಿ. ಮೂಳೆಯ ಮಜ್ಜೆ ಆ ಕೆಲಸ ಕೈಗೆತ್ತಿಕೊಳ್ಳುವುದು ಆಮೇಲೆ. ಅಲ್ಲಿನ ಕೋಶಗಳು ದೊಡ್ಡವರ ಮಜ್ಜೆಯ ಕೋಶಗಳಿಗಿಂತ ಬೇಗ ಹೆಚ್ಚುತ್ತವೆ, ಮೂಳೆಯತ್ತ ಸುಲಭವಾಗಿ ವಾಲುತ್ತವೆ, ಪರರ ದೇಹ ಅವನ್ನು ಅಷ್ಟಾಗಿ ಶತ್ರುವೆಂದು ಹಿಡಿಯುವುದಿಲ್ಲ. ಭ್ರೂಣದ ಯಕೃತ್ತಿನ ಕೋಶಗಳನ್ನು ಹೊಟ್ಟೆಯೊಳಗಿನ ಇನ್ನೊಂದು ಮಗುವಿಗೆ ಕೊಟ್ಟು ನೋಡಿದ ಮೊದಲಿಗರಲ್ಲಿ ಫ್ರಾನ್ಸಿನ ಲಿಯೋನಿನ ಜ್ಯಾನ್ ಲೂಯಿ ತುರೇನ್ ಒಬ್ಬರು, 1988ರಲ್ಲಿ. ಆ ಮಗುವಿಗಿದ್ದದ್ದು ಹುಟ್ಟಾ ರೋಗನಿರೋಧಕ ಶಕ್ತಿ ಇಲ್ಲದ ಕಾಯಿಲೆ.

ಮೂಳೆಗೆ ಬಂದರೆ, ಕಥೆ ಒಬ್ಬ ಸ್ವೀಡನ್ನಿನ ಹುಡುಗಿಯದು. ಕತಾರಿನಾ ಲೆ ಬ್ಲಾಂಕ್, ಸಿಸೀಲಿಯಾ ಯೋತರ್‌ಸ್ಟ್ರೋಮ್ ಮುಂತಾದವರು 2005ರಲ್ಲಿ ಬರೆದ ವರದಿ ಇದು. ಸ್ಟಾಕ್‌ಹೋಮಿನ ಹುಡ್ಡಿಂಗೆ. ತಾಯಿಗೆ 32ನೇ ವಾರ. ಸ್ಕ್ಯಾನಿನಲ್ಲಿ ಹೊಟ್ಟೆಯೊಳಗೇ ಹಲವು ಕಡೆ ಮುರಿದ ಮೂಳೆಗಳು. ಪರದೆ ನೋಡುತ್ತ ಹೊಕ್ಕುಳಬಳ್ಳಿಯ ರಕ್ತನಾಳಕ್ಕೆ ಸೂಜಿ ಇಳಿಸಿ ಕೋಶಗಳನ್ನು ಬಿಟ್ಟರು. ದಾನ ಬಂದ ಭ್ರೂಣ ಗಂಡು, ಪಡೆಯುತ್ತಿರುವ ಕೂಸು ಹೆಣ್ಣು. ಹಾಗಾಗಿ ಮುಂದೆ ಲೆಕ್ಕ ಹಾಕಲು ಒಂದು ಗುರುತು ಸಿಕ್ಕಿತು: ಹುಡುಗಿಯ ಮೂಳೆಯಲ್ಲಿ ವೈ ಕ್ರೋಮೋಸೋಮು ಕಂಡರೆ ಅದು ಹೊರಗಿನದು. ಒಂಬತ್ತು ತಿಂಗಳಿಗೆ ಮೂಳೆಯ ಚೂರು ತೆಗೆದು ನೋಡಿದಾಗ ಕಂಡಿತು. ಒಂದು ಎಣಿಕೆಯಲ್ಲಿ ಶೇ 0.3, ಇನ್ನೊಂದರಲ್ಲಿ ಶೇ 7.4. ಮೊದಲ ಎರಡು ವರ್ಷದಲ್ಲಿ ಮೂಳೆ ಮುರಿದದ್ದು ಮೂರು ಸಲ. ಆದರೆ ಜೊತೆಗೆ ಬೇರೆ ಔಷಧವೂ ನಡೆದಿತ್ತು. ಯಾವುದರ ಫಲ ಯಾವುದು ಎಂದು ಬಿಡಿಸಿ ಹೇಳುವುದು ಹೇಗೆ?

ಎಂಟನೇ ವಯಸ್ಸಿಗೆ ಅದೇ ದಾನಿಯ ಕೋಶಗಳನ್ನು ಅವಳಿಗೆ ಮತ್ತೆ ಕೊಟ್ಟರು. ಬೆಳವಣಿಗೆ ಚೇತರಿಸಿತು, ಓಡಾಟ ಹೆಚ್ಚಿತು, ಮುರಿತ ಕಡಿಮೆಯಾಯಿತು. ಅವಳಲ್ಲಿದ್ದ ಜೀನಿನ ದೋಷವೇ ಇದ್ದ ಇನ್ನೊಂದು ಕೂಸು, ಕೋಶ ಪಡೆಯದ ಕೂಸು, ಐದನೇ ತಿಂಗಳಿಗೆ ಹೋಗಿಬಿಟ್ಟಿತ್ತು. 2014ರಲ್ಲಿ ಈ ಹುಡುಗಿಯ ಜೊತೆಗೆ, ಹೊಟ್ಟೆಯಲ್ಲಿ 31ನೇ ವಾರಕ್ಕೆ ಕೋಶ ಪಡೆದ ಇನ್ನೊಂದು ಮಗುವಿನ ವಿವರ ಸೇರಿಸಿ ಬರೆದವರು ಕೊನೆಯಲ್ಲಿ ಹೇಳಿದ್ದು ಇಷ್ಟೇ: ಅಪಾಯ ಕಾಣಲಿಲ್ಲ, ಅನುಕೂಲ ಆಗಿರುವ ಸಂಭವ ಇದೆ, ಇಬ್ಬರನ್ನು ನೋಡಿ ತೀರ್ಮಾನ ಹೇಳಲಾಗದು. ಎರಡು ಮಕ್ಕಳ ಮೇಲೆ ಹತ್ತು ವರ್ಷ ದುಡಿದು ಇಷ್ಟು ಕಡಿಮೆ ಹೇಳುವವರನ್ನು ನಾನು ನಂಬುತ್ತೇನೆ. ಮೂರು ಸಿಟ್ಟಿಂಗಿನಲ್ಲಿ ಮೂಳೆ ಗಟ್ಟಿ ಎನ್ನುವವರನ್ನಲ್ಲ.

ಆ ಎರಡು ಮಕ್ಕಳಿಂದಲೇ ಯುರೋಪಿನಲ್ಲಿ ಬೂಸ್ಟ್‌ಬಿ4 ಎಂಬ ದೊಡ್ಡ ಪ್ರಯೋಗ ಶುರುವಾಯಿತು, ವೆಲ್ಲೂರಿನದು ಅದರ ತಂಗಿ. ಇವುಗಳ ಮೊದಲ ಪ್ರಶ್ನೆ ಮೂಳೆ ಗಟ್ಟಿಯಾಯಿತೇ ಎಂಬುದಲ್ಲ. ಮಗುವಿಗೆ ಕೇಡಾಗಲಿಲ್ಲವೇ ಎಂಬುದು.

ಕೇಡು ಹೇಗಿರುತ್ತದೆ ಎಂಬುದಕ್ಕೆ ಒಬ್ಬ ಹುಡುಗನ ಕಥೆ ಇದೆ. ಇಸ್ರೇಲಿನವನು, ಅಟಾಕ್ಸಿಯಾ ಟೆಲಾಂಜಿಯೆಕ್ಟೇಸಿಯಾ ಎಂಬ, ಮೆದುಳು ಸವೆಯುವ ಹುಟ್ಟು ಕಾಯಿಲೆ. ಅಪ್ಪ ಅಮ್ಮ ಮಾಸ್ಕೋಗೆ ಕರೆದುಕೊಂಡು ಹೋದರು. ಒಂಬತ್ತು, ಹತ್ತು, ಹನ್ನೆರಡನೇ ವಯಸ್ಸಿನಲ್ಲಿ ಅವನ ಮೆದುಳಿಗೂ ಬೆನ್ನುಹುರಿಯ ದ್ರವಕ್ಕೂ ಭ್ರೂಣದ ನರಕೋಶಗಳನ್ನು ಬಿಟ್ಟರು. ಮೊದಲ ಸಲ ಬಿಟ್ಟ ನಾಲ್ಕು ವರ್ಷಕ್ಕೆ ತಲೆನೋವು ಎಂದು ಸ್ಕ್ಯಾನ್ ಮಾಡಿದರೆ ಮೆದುಳಿನಲ್ಲೂ ಬೆನ್ನುಹುರಿಯಲ್ಲೂ ಗಡ್ಡೆ. ಬೆನ್ನಿನ ಗಡ್ಡೆ ತೆಗೆದು ಪರೀಕ್ಷಿಸಿದರು. ಹುಡುಗನ ಗಡ್ಡೆಯಲ್ಲಿ ಹೆಣ್ಣಿನ ಎಕ್ಸ್‌ಎಕ್ಸ್ ಕೋಶಗಳು. ಅವನ ಕಾಯಿಲೆಯ ಜೀನು ಆ ಕೋಶಗಳಲ್ಲಿ ನೆಟ್ಟಗಿತ್ತು. ಅಂದರೆ ಗಡ್ಡೆ ಅವನದಲ್ಲ, ದಾನ ಬಂದದ್ದು. ಕಡಿಮೆಯೆಂದರೂ ಇಬ್ಬರು ದಾನಿಗಳಿಂದ. 2009ರಲ್ಲಿ ಪ್ಲಾಸ್ ಮೆಡಿಸಿನ್ ಪತ್ರಿಕೆಯಲ್ಲಿ ಇದು ಬಂತು. ಸ್ಟಾಕ್‌ಹೋಮಿನಲ್ಲಿ ಹುಡುಗಿಯ ಮೂಳೆಯೊಳಗೆ ಗಂಡಿನ ಕೋಶ ಹುಡುಕಿ ಸಂತೋಷಪಟ್ಟ ಉಪಾಯವೇ ಇಲ್ಲಿ ಹುಡುಗನ ಗಡ್ಡೆಯ ಮೂಲ ಹೇಳಿತು. ಊರಿದ ಕೋಶ ಉಳಿಯುವುದೇ ಗೆಲುವು ಎನ್ನುವವರು ಈ ಎರಡನ್ನೂ ಒಟ್ಟಿಗೆ ಓದಬೇಕು.

ಬೆಳಕು ಹರಿಯುವ ಮೊದಲೇ ಕಾಟ್ಪಾಡಿ, ವೆಲ್ಲೂರಿಗೆ ಇಳಿಯುವ ನಿಲ್ದಾಣ. ಪ್ಲಾಟ್‌ಫಾರಂ ತುಂಬ ಎಕ್ಸ್‌ರೇ ಕವರು ಹಿಡಿದವರು, ಗಾಲಿ ಕುರ್ಚಿ, ಬಂಗಾಳಿ ಮಾತು, ಅಸ್ಸಾಮಿ ಮಾತು. ಆಟೋದವರು ಹಿಂದಿಯಲ್ಲೇ ಕೂಗುತ್ತಾರೆ. ಪಾಲಾರ್ ಸೇತುವೆಯ ಮೇಲೆ ಆಟೋ ಓಡುವಾಗ ಕೆಳಗೆ ಮರಳು, ಮುಳ್ಳುಗಿಡ. ಈ ಹೊಳೆ ಹುಟ್ಟುವುದು ನಮ್ಮ ನಂದಿಬೆಟ್ಟದ ಸೀಮೆಯಲ್ಲಿ. ಇಲ್ಲಿಗೆ ಬರುವಷ್ಟರಲ್ಲಿ ನೀರಿನದಕ್ಕಿಂತ ಮರಳಿನ ಹೊಳೆ. ಐಡಾ ಸ್ಕಡರ್ ರಸ್ತೆಯ ಲಾಡ್ಜುಗಳ ಮೇಲೆ ಬಂಗಾಳಿ ಬೋರ್ಡು, ಹೋಟೆಲಿನಲ್ಲಿ ಮೀನು ಸಾರು ಅನ್ನ. 1900ರಲ್ಲಿ ವೈದ್ಯೆ ಐಡಾ ಸ್ಕಡರ್ ಒಂದೇ ಹಾಸಿಗೆ ಇಟ್ಟುಕೊಂಡು ಶುರುಮಾಡಿದ ಆಸ್ಪತ್ರೆಯಲ್ಲಿ ಈಗ ಅರ್ಧ ಭಾರತ ಸರತಿ ನಿಂತಿದೆ. ಊರಿನ ಇನ್ನೊಂದು ತುದಿ ಬಾಗಾಯಂನಲ್ಲಿ ಸ್ಟೆಮ್ ಸೆಲ್ ಸಂಶೋಧನಾ ಕೇಂದ್ರ ಇದೆ, ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆಯ ಅಂಗ.

ಸರತಿ, ಕಾರ್ಡು, ಮತ್ತೆ ಸರತಿ. ಹನ್ನೊಂದರ ಹೊತ್ತಿಗೆ ಒಳಗೆ ಕರೆಯುತ್ತಾರೆ. ಕಿಟಕಿ ಇಲ್ಲದ ಕೋಣೆ, ಮೇಜು, ಐದು ಕುರ್ಚಿ. ಡಾಕ್ಟರು ಮೊದಲು ಕೂಸನ್ನು ನೋಡುತ್ತಾರೆ. ಅಜ್ಜಿ ಎತ್ತಿ ಕೊಡುವ ರೀತಿ ನೋಡಿ "ಯಾರು ಹೇಳಿಕೊಟ್ಟರು?" ಎನ್ನುತ್ತಾರೆ ತಮಿಳಿನಲ್ಲಿ. "ನೀವೇ ಹೋದ ಸಲ." "ಹೇಳಿದವರೆಲ್ಲ ಇಷ್ಟು ಚೆನ್ನಾಗಿ ಮಾಡಲ್ಲಮ್ಮ." ಅಜ್ಜಿಯ ಮುಖದಲ್ಲಿ ಏನೋ ಸಡಿಲವಾಗುತ್ತದೆ, ತಕ್ಷಣ ಬಿಗಿಯಾಗುತ್ತದೆ. ಅವಳು ಹಾಳೆ ತೆಗೆದು ಮೇಜಿನ ಮೇಲಿಟ್ಟು ಕುಂಕುಮ ತಾಗಿದ ಸಾಲನ್ನು ತೋರಿಸುತ್ತಾಳೆ.

"ಆ ತಾಯಿಗೆ ಗೊತ್ತಾ?"

ಏನು ಕೇಳುತ್ತಿದ್ದಾಳೆ ಎಂದು ಡಾಕ್ಟರಿಗೆ ಅರ್ಥವಾಗುತ್ತದೆ. ಅವರು ಅವಸರ ಮಾಡುವುದಿಲ್ಲ.

ದಾನ ಬರುವ ಸ್ವೀಡನ್ನಿನಲ್ಲಿ 18 ವಾರದವರೆಗೆ ಗರ್ಭ ತೆಗೆಸಿಕೊಳ್ಳುವುದು ಹೆಂಗಸಿನ ಸ್ವಂತ ತೀರ್ಮಾನ, ಕಾರಣ ಹೇಳಬೇಕಿಲ್ಲ. ಆ ಕಾನೂನು 1975ರಿಂದ ಇದೆ. ಅವಳು ತೀರ್ಮಾನ ಮಾಡಿದ ಮೇಲೆ, ಅದಕ್ಕೂ ಇದಕ್ಕೂ ಸಂಬಂಧವಿಲ್ಲದಂತೆ, ಅಂಗಾಂಶವನ್ನು ಸಂಶೋಧನೆಗೆ ಕೊಡುತ್ತೀರಾ ಎಂದು ಕೇಳುತ್ತಾರೆ. ಇಲ್ಲ ಎಂದರೆ ಇಲ್ಲ. ಹೌದು ಎಂದರೆ ಸಹಿ. ಹಣದ ಮಾತಿಲ್ಲ. ಯಾರಿಗೆ ಹೋಗುತ್ತದೆಂದು ಅವಳಿಗೆ ಹೇಳುವುದಿಲ್ಲ, ಯಾರದೆಂದು ನಿಮಗೂ ಹೇಳುವುದಿಲ್ಲ. ಇದನ್ನು 1989ರಲ್ಲಿ ಬ್ರಿಟನ್ನಿನ ಪೋಲ್ಕಿಂಗ್‌ಹಾರ್ನ್ ಸಮಿತಿ ಬಿಗಿಯಾಗಿ ಬರೆದಿಟ್ಟಿತು. ನಮ್ಮ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ನಿಯಮಗಳಲ್ಲೂ ಇದೇ ತಿರುಳು: ಎರಡು ಒಪ್ಪಿಗೆ ಬೇರೆ ಬೇರೆ, ಗರ್ಭಿಣಿಯನ್ನು ನೋಡಿಕೊಳ್ಳುವ ವೈದ್ಯರೇ ಅಂಗಾಂಶ ಬಳಸುವವರಾಗಿರಬಾರದು, ದಾನಕ್ಕಾಗಿ ಗರ್ಭ ತೆಗೆಸಕೂಡದು, ಇಂಥವರಿಗೇ ಕೊಡಿ ಎಂದು ಸೂಚಿಸುವ ಹಕ್ಕು ಆ ಹೆಂಗಸಿಗೆ ಇಲ್ಲ.

"ಅಂದರೆ ಗೊತ್ತು. ಯಾವ ಮಗುವಿಗೆ ಅಂತ ಗೊತ್ತಿಲ್ಲ," ಎನ್ನುತ್ತಾಳೆ ಅಜ್ಜಿ.

"ಹೌದು."

"ಅವಳು ಹೇಗಿದ್ದಾಳೆ ಅಂತ ನಿಮಗೂ ಗೊತ್ತಿಲ್ಲ."

ಇದಕ್ಕೆ ಡಾಕ್ಟರು ಉತ್ತರ ಕೊಡುವುದಿಲ್ಲ. ಈ ವಿಷಯದ ನೀತಿಚರ್ಚೆಗಳಲ್ಲಿ ಭ್ರೂಣಕ್ಕೆ ಯಾವಾಗಿನಿಂದ ಜೀವ ಎಂಬುದರ ಮೇಲೆ ಪುಟಗಟ್ಟಲೆ ಬರೆದಿದ್ದಾರೆ. ಆ ಹೆಂಗಸು ಆಮೇಲೆ ಹೇಗಿದ್ದಾಳೆ ಎಂದು ಕೇಳಿದ ಸಾಲು ಅಪರೂಪ. ಗುಟ್ಟು ಕಾಯುವುದೇ ಅವಳಿಗೆ ಮಾಡುವ ಉಪಕಾರ ಎಂದು ಎಲ್ಲರೂ ಒಪ್ಪಿದ್ದಾರೆ. ಇರಬಹುದು. ಗುಟ್ಟಿನಿಂದ ಪಡೆಯುವವರಿಗೂ ಒಂದು ಅನುಕೂಲ ಇದೆ, ನೆನೆಯಬೇಕಾದ ಮುಖ ಇರುವುದಿಲ್ಲ.

ಈಗ ಕೂಸಿನ ಅಪ್ಪ ಬಾಯಿ ಬಿಡುತ್ತಾನೆ. "ಖರ್ಚು?"

"ಪ್ರಯೋಗಕ್ಕೆ ಸೇರಿದರೆ ದುಡ್ಡಿಲ್ಲ. ನಮ್ಮ ದೇಶದಲ್ಲಿ ಎಲ್ಲೇ ಆಗಲಿ, ಪ್ರಯೋಗ ಎಂದಮೇಲೆ ರೋಗಿಯಿಂದ ದುಡ್ಡು ತೆಗೆದುಕೊಳ್ಳಬಾರದು. ಯಾಕೆ ಕೇಳಿದಿರಿ?"

ಅವನು ಫೋನು ತೆಗೆದು ತೋರಿಸುತ್ತಾನೆ. ಡಾಕ್ಟರು ವಿಡಿಯೊ ಪೂರ್ತಿ ನೋಡುವುದಿಲ್ಲ. ಐಸಿಎಂಆರ್ 2007ರಲ್ಲಿ ಸ್ಟೆಮ್ ಸೆಲ್ ಸಂಶೋಧನೆಗೂ ಚಿಕಿತ್ಸೆಗೂ ಸೇರಿಸಿ ಮಾರ್ಗಸೂಚಿ ತಂದಿತ್ತು. 2013ರಲ್ಲಿ ಪರಿಷ್ಕರಿಸುವಾಗ ಶೀರ್ಷಿಕೆಯಿಂದ ಚಿಕಿತ್ಸೆ ಎಂಬುದನ್ನೇ ತೆಗೆದುಹಾಕಿತು. ರಕ್ತದ ಕಾಯಿಲೆಗಳಿಗೆ ಮಾಡುವ ಮಜ್ಜೆಯ ಕಸಿ ಬಿಟ್ಟರೆ ಉಳಿದದ್ದೆಲ್ಲ ಇನ್ನೂ ಪರೀಕ್ಷೆಯ ಹಂತದ್ದು, ಒಪ್ಪಿಗೆ ಪಡೆದ ಪ್ರಯೋಗದ ಹೊರಗೆ ಕೊಡುವಂತಿಲ್ಲ. 2017ರ ಪರಿಷ್ಕರಣೆಯೂ ಅದನ್ನೇ ಹೇಳುತ್ತದೆ. ಹೇಳಿದರೂ ಅಂಗಡಿಗಳು ಮುಚ್ಚಿಲ್ಲ. ಬೆಲೆ ಪಟ್ಟಿ ಇದ್ದರೆ ಅದು ಪ್ರಯೋಗವಲ್ಲ. ಇಷ್ಟನ್ನು ತಿಳಿಯಲು ಜೀವಶಾಸ್ತ್ರ ಬೇಡ.

"ಆಯಿತು, ಹಾಗಾದರೆ ಇಲ್ಲೇ ಸಹಿ ಹಾಕ್ತೀವಿ," ಎಂದು ಅವನು ಪೆನ್ನಿಗೆ ಕೈ ಹಾಕುತ್ತಾನೆ.

ಡಾಕ್ಟರು ಫೈಲು ತೆರೆಯುತ್ತಾರೆ. ಜೀನ್ ಪರೀಕ್ಷೆಯ ವರದಿ ಬಂದಿದೆ. ಪ್ರಯೋಗಕ್ಕೆ ಬೇಕಾದದ್ದು ಕೊಲಾಜನ್ನಿನ ಎರಡು ಜೀನುಗಳಲ್ಲೇ, ಗ್ಲೈಸೀನಿನ ಜಾಗದಲ್ಲೇ, ದೋಷ ಇರುವ ಮಕ್ಕಳು. ಆ ದೋಷ ಸಾಮಾನ್ಯವಾಗಿ ಅಪ್ಪ ಅಮ್ಮನಲ್ಲಿ ಇರುವುದಿಲ್ಲ, ಮಗುವಿನಲ್ಲೇ ಹೊಸದಾಗಿ ಹುಟ್ಟುತ್ತದೆ. ಈ ಕೂಸಿನಲ್ಲಿ ಕೊಲಾಜನ್ ಜೀನು ಸರಿಯಾಗಿದೆ. ಕೊಲಾಜನ್ ಎಳೆಗಳು ಮಡಚಿ ಹುರಿಗೊಳ್ಳಲು ನೆರವಾಗುವ ಬೇರೊಂದು ಪ್ರೋಟೀನಿನ ಜೀನು, ಅದರ ಎರಡೂ ಪ್ರತಿ ಕೆಟ್ಟಿವೆ. ಒಂದು ಅಪ್ಪನಿಂದ, ಒಂದು ಅಮ್ಮನಿಂದ. ನೆಂಟಸ್ತಿಕೆಯ ಮದುವೆ ಹೆಚ್ಚಿರುವ ನಮ್ಮ ದಕ್ಷಿಣದಲ್ಲಿ ಈ ಬಗೆ ಯುರೋಪಿನಲ್ಲಿ ಕಾಣುವುದಕ್ಕಿಂತ ಹೆಚ್ಚು. ಯುರೋಪಿನ ಮಕ್ಕಳನ್ನು ನೋಡಿ ಬರೆದ ಅರ್ಹತೆಯ ಪಟ್ಟಿ ಇಲ್ಲಿ ಕೆಲವರನ್ನು ಹೊರಗೇ ಬಿಡುತ್ತದೆ.

"ಅಂದರೆ ನಮಗಿಲ್ಲ."

"ಈ ಪ್ರಯೋಗ ಇಲ್ಲ."

ಹುಡುಗಿ ಇಲ್ಲಿಯವರೆಗೆ ಮಾತಾಡಿಲ್ಲ. ಕೂಸಿನ ತಾಯಿ. ಅವಳು ಗಂಡನ ಕಡೆ ನೋಡುವುದಿಲ್ಲ, ಅಮ್ಮನ ಕಡೆಯೂ ನೋಡುವುದಿಲ್ಲ. "ಇನ್ನೊಂದು ಮಗು ಆದರೆ?"

ನಾಲ್ಕರಲ್ಲಿ ಒಂದು ಪಾಲು ಇದೇ ಆಗುವ ಸಂಭವ, ಪ್ರತಿ ಬಸಿರಿಗೂ. ಮೂರು ತಿಂಗಳಾಗುವ ಹೊತ್ತಿಗೆ ಮಾಸದ ಚೂರು ತೆಗೆದು ಪರೀಕ್ಷೆ ಮಾಡಬಹುದು. ಇದೇ ಕಾಯಿಲೆ ಎಂದಾದರೆ ತೆಗೆಸುವುದೋ ಉಳಿಸಿಕೊಳ್ಳುವುದೋ ಎಂಬುದು ನಿಮ್ಮದು, ಕಾನೂನು ಎರಡಕ್ಕೂ ಅವಕಾಶ ಕೊಡುತ್ತದೆ. ಡಾಕ್ಟರು ಇದನ್ನು ಎಷ್ಟೋ ಸಲ ಹೇಳಿದವರು. ಆದರೂ ಕೊನೆಯ ವಾಕ್ಯವನ್ನು ತುಸು ನಿಧಾನವಾಗಿ ಹೇಳುತ್ತಾರೆ.

ನಿಮ್ಮ ಪಕ್ಕದಲ್ಲಿ ಅವನು ಮುಂದಕ್ಕೆ ಬಾಗುತ್ತಾನೆ. ಅವನಿಗೆ ಒಂದು ಯೋಚನೆ ಬಂದಿದೆ, ಬಂದ ಯೋಚನೆಗೆ ಅವನೇ ಹೆದರಿದ್ದಾನೆ ಎಂಬುದು ಧ್ವನಿಯಲ್ಲಿ ಗೊತ್ತಾಗುತ್ತದೆ. "ಹಾಗೆ ತೆಗೆಸಿದರೆ ಅದರದ್ದು ಇವಳಿಗೆ ಆಗುತ್ತಾ? ತಂಗಿಯದೇ ತಾನೇ?"

"ಮಾಮಾ," ಎನ್ನುತ್ತಾಳೆ ಹುಡುಗಿ.

"ಕೇಳ್ತಿದೀನಿ ಅಷ್ಟೇ."

ಆಗುವುದಿಲ್ಲ. ಕಾಯಿಲೆ ಇದೆ ಎಂದು ತೆಗೆಸಿದ ಭ್ರೂಣದ ಕೋಶಗಳಲ್ಲೂ ಅದೇ ಕೆಟ್ಟ ಜೀನು ಇರುತ್ತದೆ. ಕಾಯಿಲೆ ಇಲ್ಲದ್ದನ್ನು ಅಕ್ಕನಿಗಾಗಿ ತೆಗೆಸುವುದು ಯಾವ ನಿಯಮದಲ್ಲೂ ಇಲ್ಲ. ಕೊಡುವವಳು ಪಡೆಯುವವರನ್ನು ಆರಿಸಬಾರದು ಎಂದು ಬರೆದದ್ದು ಇಂಥ ಕೋಣೆಗಳಿಗಾಗಿಯೇ. ಓದುವಾಗ ಅದು ಕಚೇರಿಯ ಮಾತಿನಂತೆ ಒಣಗಿ ಕಾಣುತ್ತದೆ. ಇಲ್ಲಿ ಕೂತು ನೋಡಿದರೆ, ಈ ಇಪ್ಪತ್ತೆರಡರ ಹುಡುಗಿಯ ಹೊಟ್ಟೆಗೂ ಮನೆಯವರ ಆಸೆಗೂ ನಡುವೆ ನಿಂತಿರುವುದು ಅದೊಂದೇ ವಾಕ್ಯ. ಗಂಡ ಕೆಟ್ಟವನಲ್ಲ. ಮಗ್ಗ ಮಾರಲು ತಯಾರಾದವನು, ಇದನ್ನೂ ಕೇಳಿದ.

ಅಜ್ಜಿ ಮಗಳ ಕಡೆ ನೋಡುತ್ತಿದ್ದಾಳೆ. ಸ್ವೀಡನ್ನಿನ ಯಾವುದೋ ಹೆಂಗಸಿನ ಬಗ್ಗೆ ಕೇಳುತ್ತಿದ್ದವಳಿಗೆ ಆ ಕುರ್ಚಿ ಈಗ ಬಹಳ ಹತ್ತಿರ ಬಂದಿದೆ.

ಮುಂದಿನ ಮಾತು ಬೇಗ ಮುಗಿಯುತ್ತದೆ. ಬಿಸ್‌ಫಾಸ್ಫೊನೇಟ್ ಡ್ರಿಪ್ ಇದೆ. ಮೂಳೆ ಕರಗುವುದನ್ನು ತಡೆಯುವ ಔಷಧ, ಮಾಂಟ್ರಿಯಲ್ಲಿನ ಫ್ರಾನ್ಸಿಸ್ ಗ್ಲೋರಿಯೋ ತಂಡ 1998ರಲ್ಲಿ ಈ ಮಕ್ಕಳಿಗೆ ಕೊಟ್ಟು ತೋರಿಸಿದ ಮೇಲೆ ಎಲ್ಲ ಕಡೆ ಬಳಕೆಗೆ ಬಂತು. ಕೊಲಾಜನ್ನನ್ನು ಸರಿಮಾಡುವುದಿಲ್ಲ, ಇರುವ ಮೂಳೆಯನ್ನು ಗಟ್ಟಿ ಮಾಡುತ್ತದೆ. ನಿಲ್ಲಲು ಶುರುಮಾಡಿದ ಮೇಲೆ ತೊಡೆಯೊಳಗೆ ಸರಳು ಹಾಕಬಹುದು, ಮಗು ಬೆಳೆದಂತೆ ತಾನೂ ಉದ್ದವಾಗುವಂಥದು. ಫಿಸಿಯೋಥೆರಪಿ. ನೀರಿನಲ್ಲಿ ಆಡಿಸುವುದು ಒಳ್ಳೆಯದು.

"ಎಣ್ಣೆ?" ಎನ್ನುತ್ತಾಳೆ ಅಜ್ಜಿ.

"ಹಚ್ಚಿ. ಎಳೆಯಬೇಡಿ. ಉದ್ದಕ್ಕೆ ಅಂಗೈಯಲ್ಲಿ ಸವರಿ. ಫಿಸಿಯೋದವರು ತೋರಿಸ್ತಾರೆ, ಅವರ ಮುಂದೆ ನೀವು ಮಾಡಿ ತೋರಿಸಿ."

ಡಾಕ್ಟರು ಮುಂದಿನ ತಾರೀಕು ಬರೆಯುತ್ತಿದ್ದಾರೆ. ಅವನು ಫೋನಿನಲ್ಲಿ ಕ್ಯಾಲೆಂಡರು ತೆಗೆದಿದ್ದಾನೆ, ಕ್ಲಿನಿಕ್ಕಿನವರ ಮಿಸ್ಡ್ ಕಾಲ್ ಮೇಲೆ ಇದೆ, ಅದನ್ನು ಪಕ್ಕಕ್ಕೆ ಸರಿಸುತ್ತಾನೆ.

"ಸೋಮವಾರ ಬೇಡ ಡಾಕ್ಟರ್. ಸೋಮವಾರ ವ್ಯಾಪಾರಿ ಬಟ್ಟೆ ಅಳೆಯಕ್ಕೆ ಬರ್ತಾನೆ, ನಾನಿಲ್ಲದಿದ್ದರೆ ಮೀಟರು ಮುರೀತಾನೆ. ಗುರುವಾರ ಆಗುತ್ತಾ?"